ಕುರ್ಚಿಗಳ ಲೆಕ್ಕ

ಮುನ್ನೂರ ಹನ್ನೆರಡು.
ಕಾನೂನು ವಿಭಾಗದ ಮೂರೂ ಮಹಡಿ ಸೇರಿ.
ಇಪ್ಪತ್ತಾರು ವರ್ಷದಿಂದ ಈ ಲೆಕ್ಕ ನನ್ನದು,
ಎರ್ಮೆಲಿಂದಾ, ಉಗ್ರಾಣದವಳು,
ಮಳೆಯೇ ಬಾರದ ಅಂತೋಫಾಗಾಸ್ತದಲ್ಲಿ
ಧೂಳು ಒರೆಸಿ ಒರೆಸಿ ಬೆರಳ ಗೆರೆ ಸವೆದವಳು.

ಮೇ ತಿಂಗಳ ಒಂದು ಬೆಳಿಗ್ಗೆ ಬಂದರೆ
ಕಡಲ ಮಂಜು ಇನ್ನೂ ಗೇಟಿಗೆ ಒರಗಿಕೊಂಡಿತ್ತು.
ಮಂಜಿನೊಳಗೆ ಕಾಲುಗಳು. ಬರೀ ಕಾಲುಗಳು.
ಹತ್ತಿರ ಹೋದೆ: ನನ್ನವೇ ಕುರ್ಚಿಗಳು,
ತಲೆಕೆಳಗಾಗಿ, ಸರಳುಗಳ ನಡುವೆ ತೂರಿ,
ಒಂದರ ಕಾಲು ಇನ್ನೊಂದರ ಕಂಕುಳಲ್ಲಿ,
ಆಳೆತ್ತರದ ಮುಳ್ಳುಬೇಲಿ.
ಆಚೆಯಿಂದ ಯಾಸ್ನಾ ಕುಟಿಪಾ, ಎರಡನೇ ವರ್ಷದವಳು,
"ಸೆನ್ಯೋರಾ, ಕ್ಷಮಿಸಿ. ಒಂದೂ ಮುರಿಯೋದಿಲ್ಲ" ಎಂದಳು.

ಹನ್ನೊಂದು ತಿಂಗಳ ಹಿಂದೆ ಅವಳು ದೂರು ಕೊಟ್ಟಿದ್ದಳು.
ನಾಲ್ಕು ಪುಟ. ಠಸ್ಸೆ ಬಿದ್ದ ಸದ್ದು ನನಗೆ ಕೇಳಿಸಿತ್ತು.
ಆಮೇಲೆ ಆ ಕಾಗದ ಮೇಜಿನಿಂದ ಮೇಜಿಗೆ ವರ್ಗವಾಯಿತು,
ಬೇಸಿಗೆ ರಜೆಗೆ ಹೋಯಿತು,
ಹಿಂದಿರುಗಿದಾಗ ಮೂರನೇ ಪುಟ ಇರಲಿಲ್ಲ.
ಕೊನೆಗೆ ಸಮಿತಿ ಕೂತಿತು.
ನಾನೇ ಹಾಕಿದ್ದು: ಅವರಿಗೆ ಮೂರು, ಮೆತ್ತೆಯವು.
ಅವಳಿಗೊಂದು, ಪ್ಲಾಸ್ಟಿಕ್‌ನದು.
ನೀರಿನ ಜಗ್ ಇಡುವಾಗ ಕಿವಿಗೆ ಬಿತ್ತು:
"ಕೂಗಲಿಲ್ಲ ಯಾಕೆ?"
"ಆಮೇಲೂ ಅವರ ಕ್ಲಾಸಿಗೆ ಹೋಗಿದ್ದೀಯಲ್ಲ?"
ಮುಕ್ಕಾಲು ಹಾಜರಿ ಇಲ್ಲದವರಿಗೆ ಪರೀಕ್ಷೆ ಇಲ್ಲ
ಎಂದು ಅವರ ಬೆನ್ನ ಹಿಂದಿನ ಗೋಡೆಯಲ್ಲೇ ಅಂಟಿಸಿತ್ತು.
ಯಾರೂ ಕತ್ತು ಹೊರಳಿಸಲಿಲ್ಲ.
"ಸಾಕ್ಷಿ ಇದ್ದಾರೆಯೇ?"

ನಾನು ಲೋಟಗಳನ್ನು ಎಣಿಸುತ್ತಾ ನಿಂತಿದ್ದೆ.

ಅವಳ ಸೆಕ್ಷನ್ ಬದಲಾಯಿಸಿದರು.
ಅವನದು ಬದಲಾಗಲಿಲ್ಲ. ಅವನದು ಕುರ್ಚಿಯಲ್ಲ, ಪೀಠ.
ಪೀಠ ನನ್ನ ಲೆಕ್ಕಕ್ಕೆ ಬರುವುದಿಲ್ಲ.

ತೊಂಬತ್ತೆಂಟರ ಆಗಸ್ಟಿನಲ್ಲಿ, ಅದೇ ಕೋಣೆ, ಅದೇ ಬಾಗಿಲು,
ಹಿಂದಿನ ಮೆಟ್ಟಿಲಲ್ಲಿ ಒಬ್ಬಳು ಇಳಿದು ಬಂದಿದ್ದಳು,
ಒಂದು ಶೂ ಕೈಯಲ್ಲಿ.
ನೀರು ಕೊಟ್ಟೆ. ಸ್ವೆಟರಿಗೆ ನನ್ನ ಪಿನ್ನು ಚುಚ್ಚಿಕೊಟ್ಟೆ.
"ಮನೆಗೆ ಹೋಗು ಮಗಳೇ" ಎಂದೆ.
ಹೋದಳು. ಮತ್ತೆ ಬರಲಿಲ್ಲ.
ಹೆಸರು ಕೇಳಲಿಲ್ಲ ನಾನು.
ಕೇಳಿದ್ದರೆ ನೆನಪಿಡಬೇಕಾಗುತ್ತಿತ್ತು.

ನಲವತ್ತೊಂದು ದಿನ ಹುಡುಗಿಯರು ಒಳಗೇ ಇದ್ದರು.
ಎರಡನೇ ರಾತ್ರಿ ಸರಳುಗಳ ಸಂದಿಯಿಂದ
ಮೇಲಿನ ಶೌಚಾಲಯದ ಬೀಗದ ಕೈ ದಾಟಿಸಿದೆ.
ಅದನ್ನು ದೊಡ್ಡ ಕೆಲಸವೆಂದು ಹೇಳಿಕೊಳ್ಳುತ್ತಿಲ್ಲ.

ಈಗ ನಿಯಮಾವಳಿ ಬಂದಿದೆ, ರೆಕ್ಟರರ ಸಹಿಯೊಡನೆ.
ಹಿಂದಿನ ಮೆಟ್ಟಿಲಿಗೆ ದೀಪ,
ಶೌಚಾಲಯದ ಬಾಗಿಲಲ್ಲಿ ಫೋನ್ ನಂಬರು.
ಅಧ್ಯಾಪಕರಿಗೆ ಒಂದು ದಿನದ ತರಬೇತಿ:
ಅರವತ್ತು ಕುರ್ಚಿ ಹಾಕಿದ್ದೆ,
ಹನ್ನೊಂದು ಬೆಚ್ಚಗಾದವು.
ಮೆಟ್ಟಿಲ ಕೆಳಗಿನ ನನ್ನ ಪೊರಕೆ ಕೋಣೆ ಖಾಲಿ ಮಾಡಿಸಿ
ದೂರಿನ ಕಚೇರಿ ಎಂದು ಫಲಕ ತೂಗುಹಾಕಿದ್ದಾರೆ.
ಆದೇಶ ಬಂತು: ಮೇಜು ಒಂದು, ಕುರ್ಚಿ ಎರಡು.

ಡೀನರ ಕಚೇರಿ ನಷ್ಟದ ಪಟ್ಟಿ ಕೇಳಿತ್ತು.
ಎಣಿಸಿದೆ. ಮುನ್ನೂರ ಹನ್ನೆರಡು. ಮಾತಿಗೆ ತಪ್ಪಿಲ್ಲ ಹುಡುಗಿಯರು.
ಆದರೂ 'ನಷ್ಟ' ಎಂಬ ಕಾಲಮ್ಮಿನ ಮುಂದೆ
ಪೆನ್ನು ಬಹಳ ಹೊತ್ತು ನಿಂತಿತು.

ಪಟ್ಟಿ ಅಲ್ಲೇ ಬಿಟ್ಟು
ಮೂರನೆಯ ಕುರ್ಚಿ ಹೊತ್ತು ಕೆಳಗಿಳಿದೆ.
ಒಂದು ಕಾಲು ಗಿಡ್ಡ, ಕುಂಟುತ್ತಿತ್ತು,
ಹಳೆಯ ನಿಯಮಗಳ ಪುಟ ಮಡಚಿ ಅಡಿಗೆ ಕೊಟ್ಟೆ.
ಒಳಗಿದ್ದ ಎಳೆಯ ವಕೀಲೆ ತಲೆಯೆತ್ತಿದಳು:
"ಇದು ಯಾರಿಗೆ ಸೆನ್ಯೋರಾ?"

ಕೂತೆ.
ಈ ಕಟ್ಟಡದಲ್ಲಿ ನಾನು ಕೂತದ್ದು ಇದೇ ಮೊದಲು.
"ತೊಂಬತ್ತೆಂಟು, ಆಗಸ್ಟ್" ಎಂದೆ.
"ಮೂರನೇ ಮಹಡಿ.
ಹೆಸರು ಗೊತ್ತಿಲ್ಲ. ಶೂ ಕಂದು ಬಣ್ಣದ್ದು.
ಬರ್ಕೊಳ್ಳಿ."