ಒಳಗೆ ಬಿಟ್ಟ ಬಟ್ಟೆ

ಕಾರವಾರದಿಂದ ಶಿರಸಿಗೆ ಸೈಕಲ್ಲಿನ ದಾರಿಯನ್ನು
ನಾನು ಬರೆದದ್ದು ಕತ್ತರಿಸುವ ಮೇಜಿನ ಮೇಲೆ,
ಪ್ಯಾಂಟಿನ ಅಳತೆ ಬರೆಯುವ ಖಾಕಿ ಕಾಗದದಲ್ಲಿ,
ನೀಲಿ ಚಾಕಿನಲ್ಲಿ.
ಅಂಕೋಲಾ ಸೊಂಟ. ಗೋಕರ್ಣ ತೊಡೆ.
ತದಡಿ ಮೊಣಕಾಲು, ಅಲ್ಲಿ ಬಾರ್ಜು ಹತ್ತಿ ಹೊಳೆ ದಾಟಿದರೆ
ಕುಮಟೆ ಕಣಕಾಲು.
ಘಟ್ಟ ಹತ್ತುವ ಪ್ಯಾಂಟು ಇಲ್ಲವಾದ್ದರಿಂದ
ದೇವಿಮನೆಯಿಂದ ಮೇಲೆ ಬರೀ ಗೆರೆ,
ಗೆರೆಯ ತುದಿಗೆ: ಮೂರನೆಯ ದಿನ, ಹನ್ನೆರಡಕ್ಕೆ, ಶಿರಸಿ.
ಮಿಂಗೇಲ್ ನಕ್ಕ:
"ಹನ್ನೆರಡೂಕಾಲಾದರೆ ಊರು ಬಾಗಿಲು ಹಾಕ್ತದೋ?"

ಗಂಗಾವಳಿ ದಾಟುವಾಗಲೇ
ಸಮುದ್ರದ ಅಂಚು ಕಾಣೆಯಾಗಿತ್ತು.
ಅಕ್ಟೋಬರಿನಲ್ಲಿ ಹೀಗೆ ಬರಬಾರದು. ಬಂತು.
ಮೊದಲು ಗಾಳಿ; ನನಗಿಂತ ಮುಂಚೆ
ನನ್ನ ಟೋಪಿ ಗೋಕರ್ಣ ಸೇರಿತು.
ಆಮೇಲೆ ಮಳೆ, ಅಡ್ಡಡ್ಡ,
ಕಿವಿಗೇ ಗುರಿಯಿಟ್ಟ ಮಳೆ.
ಮಿಂಗೇಲನ ಮೈಮೇಲೆ ನಾನೇ ಹೊಲಿದ ರೇನ್‌ಕೋಟು,
ಹಳೆಯ ಚುನಾವಣೆಯ ಬ್ಯಾನರಿನದು:
ಬೆನ್ನ ಮೇಲಿನ ಯಾರದೋ ಮುಗಿದ ಕೈ
ದಾರಿಯುದ್ದಕ್ಕೂ ನನಗೆ ನಮಸ್ಕಾರ ಮಾಡುತ್ತ ಹೋಯಿತು.

ತದಡಿಯ ಧಕ್ಕೆಯಲ್ಲಿ ಬಾರ್ಜು ಕಟ್ಟಿಹಾಕಿದ್ದರು.
ಶಾಂತಾರಾಮ ಅಂಬಿಗ ಬೀಡಿ ಹಚ್ಚಲು ಮೂರು ಕಡ್ಡಿ ಕಳೆದು
ನಾಲ್ಕನೆಯದನ್ನು ಪೆಟ್ಟಿಗೆಗೆ ವಾಪಸು ಇಟ್ಟ.
"ಇವತ್ತಿಲ್ಲ."
ನಾಳೆ?
"ನಾಳೆದು ನಾಳೆ ಕೇಳಿ."
ಎದುರು ದಡದ ಅಘನಾಶಿನಿ ಊರು
ಕಾಣುತ್ತಿತ್ತು, ಕಾಣುತ್ತಿರಲಿಲ್ಲ,
ಒದ್ದೆ ಗಾಜಿನಾಚೆ ನಿಂತ ಗಿರಾಕಿಯ ಹಾಗೆ.

ಮಿಂಗೇಲನಿಗೆ ನಿಲ್ಲುವುದೆಂದರೆ ಸೋಲು.
ಮಿರ್ಜಾನ ಸುತ್ತಿ ಹೋಗೋಣ, ಹೆದ್ದಾರಿ ಇದೆ,
ಕತ್ತಲೆಗೆ ಮುಂಚೆ ಕುಮಟೆ ಅಂದ.
ಹೆದ್ದಾರಿಯಲ್ಲಿ ಲಾರಿ, ಲಾರಿ ಎಬ್ಬಿಸುವ ನೀರು,
ನೀರಿನೊಳಗೆ ನಮ್ಮ ಎರಡು ಕೆಂಪು ದೀಪ,
ಅದರಲ್ಲಿ ಒಂದು ಉರಿಯುವುದಿಲ್ಲ, ಅದು ನನ್ನದು.
ಹಾಗಂತ ಹೇಳಿದೆ. ಇನ್ನೂ ಕೆಲವು ಮಾತು ಹೇಳಿದೆ.
ಅವನೂ ಹೇಳಿದ, ಕೊಂಕಣಿಯಲ್ಲಿ.
ಅವನ ಸಿಟ್ಟು ಏರುವುದು ಆ ಭಾಷೆಯಲ್ಲಿ,
ಇಳಿಯುವುದು ಕನ್ನಡದಲ್ಲಿ.
ಇಳಿಯುವ ತನಕ ನಾನು ಚೈನಿಗೆ ಎಣ್ಣೆ ಬಿಟ್ಟೆ.

ಬಾರ್ಜಿನ ಚಾವಣಿಯ ತಾಡಪಾಲು ಹರಿದು
ಬಡಿದುಕೊಳ್ಳುತ್ತಿತ್ತು. ಅರ್ಧ ಗಂಟೆ ಸಹಿಸಿದೆ.
ಹೊಲಿಗೆ ಬಿಟ್ಟ ಬಟ್ಟೆ ಕಣ್ಣೆದುರಿದ್ದರೆ
ನನಗೆ ಊಟ ಸೇರುವುದಿಲ್ಲ.
ಸೀಟಿನ ಚೀಲದಲ್ಲಿ ಗೋಣಿಸೂಜಿ ಇತ್ತು,
ಬಲೆ ಕಟ್ಟುವ ದಾರ ಶಾಂತಾರಾಮ ಕೊಟ್ಟ,
ಮಿಂಗೇಲ್ ಬಂದು ತುದಿ ಹಿಡಿದು ಕೂತ, ಮಾತಿಲ್ಲ.
ಮಡಚಲು ಹೋದರೆ ಅಂಚೇ ಇಲ್ಲ.
ಯಾವ ಪುಣ್ಯಾತ್ಮ ಹೊಲಿದನೋ,
ಒಳಗೆ ಒಂದು ಬೆರಳಗಲವೂ ಬಿಟ್ಟಿರಲಿಲ್ಲ.
ಬೈದೆ. ನನಗೆ ಕತ್ತರಿ ಹಿಡಿಸಿದ ಗೌಸ್ ಉಸ್ತಾದರು
ದಿನಾ ಅನ್ನುತ್ತಿದ್ದರು:
ಮೈ ಬೆಳೀತದೆ, ಮೈ ಇಳೀತದೆ, ಗಿರಾಕಿ ಸುಳ್ಳು ಹೇಳ್ತಾನೆ,
ಒಳಗೆ ಒಂದಿಂಚು ಬಿಡು.
ಮೂವತ್ತೊಂದು ವರ್ಷ ಕೋಡಿಬಾಗದ ಎಲ್ಲರ ಸೊಂಟಕ್ಕೂ
ಬಿಟ್ಟುಕೊಂಡೇ ಬಂದಿದ್ದೇನೆ.
ಆಗ ಖಾಕಿ ಕಾಗದ ನೆನಪಾಗಿ
ಬೈಗುಳ ಅರ್ಧಕ್ಕೇ ನಿಂತಿತು.
ಮಿಂಗೇಲ್ ನನ್ನ ಕಡೆ ನೋಡಲಿಲ್ಲ.
ತಾಡಪಾಲಿನ ತುದಿ ನಡುಗುತ್ತಿತ್ತು, ಅವನ ನಗುವಿಗೆ.

ರಾತ್ರಿ ಶಾಂತಾರಾಮನ ಮನೆಯಲ್ಲಿ ಗಂಜಿ, ಬಳಚಿನ ಸುಕ್ಕೆ.
"ಘಟ್ಟದಲ್ಲಿ ಮರ ಬಿದ್ದು ಬಸ್ಸೂ ನಿಂತದಂತೆ" ಅಂದಳು
ಅವನ ಹೆಂಡತಿ, ಚಿಪ್ಪು ಗುಡಿಸುತ್ತ.
ಶಿರಸಿಯಲ್ಲಿ ಹನ್ನೆರಡಕ್ಕೆ ನಮಗಾಗಿ
ಯಾರೂ ಕಾಯುತ್ತಿರಲಿಲ್ಲ.
ಇದು ಮೊದಲೇ ಗೊತ್ತಿತ್ತು; ಹಿತವಾದದ್ದು ಈಗ.

ಬೆಳಿಗ್ಗೆ ಕಾಗದ ಬಿಡಿಸಿದರೆ ನೀಲಿ ಇಡೀ ಹರಡಿ
ಹೊಳೆ ಯಾವುದು, ಘಟ್ಟ ಯಾವುದು, ಹನ್ನೆರಡು ಯಾವುದು.
ಗಾಳಿ ಇನ್ನೂ ತೆಂಕಣದಿಂದಲೇ ಬೀಸುತ್ತಿತ್ತು.
ಮನೆ ಬಡಗಣಕ್ಕೆ.
"ಅಳತೆ ಬದಲಾಯ್ತು" ಅಂದೆ. "ಬದಲಾಗಲಿ" ಅಂದ.
ಗಾಳಿಗೆ ಬೆನ್ನು ಕೊಟ್ಟು ಕೂತರೆ ಸಾಕು,
ಗೋಕರ್ಣದ ಏರಿನಲ್ಲಿ ಅರ್ಧ
ಯಾರೋ ಕೈಯಿಟ್ಟು ತಳ್ಳಿದ ಹಾಗೆ ಹೋಯಿತು.

ಈ ಸಲ ನಾನು ಮುಂದೆ.
ಮಿಂಗೇಲನ ಬೆನ್ನಿನ ಕೈ ಈಗ ಯಾರಿಗೆ ಮುಗಿಯುತ್ತಿದೆಯೋ,
ಹೊಳೆಗೆ ಇರಬೇಕು.