ಹೀಗೆಲ್ಲ ಆಗಲ್ಲ ಮೇಡಂ

ಬೀದಿಯ ಕೊನೇ ಮನೆಗೆ ಸಿನಿಮಾದವರು ಬಂದಿದ್ದಾರೆ.
ಹಾಸನದ ಎಳೆಬಿಸಿಲಿಗೆ ಕರಿಬಟ್ಟೆ ಕಟ್ಟಿ
ಒಳಗೆ ರಾತ್ರಿ ಮಾಡಿಕೊಂಡಿದ್ದಾರೆ.
ಜನರೇಟರಿನ ಗುಡುಗಿಗೆ ನನ್ನ ಅಳತೆಯ ಲೆಕ್ಕ ತಪ್ಪುತ್ತಿದೆ.
ಮೂವರು ಮುಸುಕಿನವರು ಸಾಲಗಾಮೆ ರಸ್ತೆಯ ಟೀ ಗಾಡಿಯಲ್ಲಿ
ಮುಸುಕನ್ನು ಹಣೆಗೆ ಸರಿಸಿ
ಬನ್ನು ಅದ್ದಿಕೊಂಡು ತಿನ್ನುತ್ತಾರೆ.

ನಿರ್ದೇಶಕ ಇನ್ನೂ ಹುಡುಗ, ಹೆಸರು ಚಿರಂತ.
ನಾಯಕಿಗೆ ರವಿಕೆ ಹೊಲಿಸಲು ಬಂದ, ಒಂದೇ ಬಗೆಯವು ಐದು.
ಬಲತೋಳು ಎಳೆದರೆ ಹರಿಯಬೇಕು,
ಎಳೆಯದಿದ್ದರೆ ಹರಿಯಬಾರದು.
ಇಪ್ಪತ್ತೆರಡು ವರ್ಷ ಹರಿಯದ ಹಾಗೆ ಹೊಲಿದವಳು ನಾನು.
ಕಚ್ಚಾ ದಾರದಲ್ಲಿ ಉದ್ದುದ್ದ ಹೊಲಿಗೆ ಬಿಟ್ಟು ಕೊಡ್ತೀನಿ ಅಂದೆ.
ಅಳತೆ ಪುಸ್ತಕ ಮುಚ್ಚುವಾಗ ಕೇಳಿದ:
"ನಿಮ್ಮನೆಗೂ ನುಗ್ಗಿದ್ರಂತೆ. ಹೇಳಿ ಮೇಡಂ,
ಎಲ್ಲಾ ನೈಜವಾಗಿ ಬರ್ಬೇಕು ನಂಗೆ."

ಹೇಳಿದೆ.

ಮೂವರಲ್ಲ, ಒಬ್ಬ. ಮುಸುಕಲ್ಲ, ಮಫ್ಲರು,
ಅದೂ ಮಾರ್ಗಶಿರದ ಚಳಿಗೆ.
ಕಿರುಚಲಿಲ್ಲ ನಾನು. ಬಾಯಿಗೆ ಬಂದದ್ದು
ದಿನಾ ಬಾಗಿಲಲ್ಲಿ ನಿಂತವರನ್ನು ಕೇಳುವ ಮಾತೇ:
"ಯಾರದ್ದು ಕೊಡ್ಬೇಕಿತ್ತು?"
ಅವನೂ ಒಂದು ಕ್ಷಣ ಯೋಚಿಸಿದ,
ಹೆಸರು ಹೇಳುವವನ ಹಾಗೆ.
ಕೈಯ ಸ್ಕ್ರೂಡ್ರೈವರು ಮೆಷಿನ್ನಿನ ಚಕ್ರಕ್ಕೆ ತಾಗಿ
ಟಿಣಿಟಿಣಿ ಅನ್ನುತ್ತಿತ್ತು, ಅಷ್ಟು ನಡುಕ.

ಬೀರುವಿಗೆ ಹೋಗಲಿಲ್ಲ, ಅಡುಗೆಮನೆಗೆ ಹೋದ.
ನಾವು ಬಸದಿಗೆ ನಡೆದುಕೊಳ್ಳುವವರು,
ಹೊತ್ತು ಮುಳುಗಿದ ಮೇಲೆ ಒಲೆ ಹಚ್ಚುವವರಲ್ಲ.
ಪಾತ್ರೆಗಳೆಲ್ಲ ತೊಳೆದು ಬೋರಲು.
ಒಂದೊಂದನ್ನೇ ಎತ್ತಿ ನೋಡಿ
"ಏನೂ ಇಲ್ವಾ?" ಅಂದ.
ಆ ದನಿ ನಿಮ್ಮ ಮೈಕಿಗೆ ಸಿಗುತ್ತೋ ಇಲ್ಲವೋ.

ಒಳಕೋಣೆಯಿಂದ ಅತ್ತೆ, "ಯಾರೇ ಅದು ಮರುದೇವಿ?"
"ರವಿಕೆಯವ್ರು ಅತ್ತೆ, ಮಲ್ಕೊಳಿ."
ಕಳ್ಳನನ್ನು ಬಚ್ಚಿಟ್ಟೆನೋ, ಅತ್ತೆಯನ್ನೋ,
ಇವತ್ತಿಗೂ ಗೊತ್ತಾಗಿಲ್ಲ.
ಕಾಸಿನದೆಂದು ಗುಂಡಿಯ ಡಬ್ಬಿ ಬಗಲಿಗೆ ಹಾಕಿಕೊಂಡ,
ಅಲ್ಲಾಡಿಸಿದರೆ ಸದ್ದು ಎರಡಕ್ಕೂ ಒಂದೇ.
ಹೋಗುವಾಗ ಬಾಗಿಲು ಎಳೆದುಕೊಂಡೇ ಹೋದ,
ಮನೆಯವರ ಹಾಗೆ.

ಚಿರಂತ ನಕ್ಕುಬಿಟ್ಟ. "ಹೀಗೆಲ್ಲ ಆಗಲ್ಲ ಮೇಡಂ,
ಜನ ನಂಬಲ್ಲ."

ಸ್ಟೇಷನ್ನಿನಲ್ಲೂ ನಂಬಿರಲಿಲ್ಲ.
ರೈಟರು ಪೆನ್ನು ಕೆಳಗಿಟ್ಟು, ಮತ್ತೆ ಎತ್ತಿಕೊಂಡು,
"ಚಾಕು ತೋರಿಸಿ, ಜೀವಬೆದರಿಕೆ ಹಾಕಿ" ಎಂದು ಬರೆದು
ಇಲ್ಲಿ ಸಹಿ ಹಾಕಮ್ಮ ಅಂದರು. ಹಾಕಿದೆ.
ಸರ್ಕಾರದ ಕಾಗದದಲ್ಲಿ ನಾನೂ ಕಿರುಚಿದ್ದೇನೆ.

ಇನ್ನೊಂದು ಹೇಳಲಿಲ್ಲ ಹುಡುಗನಿಗೆ.
ಮಾರನೇ ಬೆಳಗ್ಗೆ ದೀಪದ ಕಂಬದಿಂದ ಆಚೆಗೆ
ಮೋರಿಯುದ್ದಕ್ಕೂ ಗುಂಡಿಗಳು.
ಬೆಳಕಿಗೆ ನಿಂತು ಮುಚ್ಚಳ ತೆಗೆದಿರಬೇಕು.
ಸೆರಗಿಗೆ ಆರಿಸಿಕೊಂಡೆ, ನಲವತ್ತೊಂದು.
ಆಮೇಲೆ ಎಂಟು ತಿಂಗಳು
ಮೂರು ಗಂಟೆಗೆ ಎದ್ದು ಚಿಲಕ ಮುಟ್ಟುವುದು, ಮಲಗುವುದು,
ಮುಟ್ಟಿದೆನೋ ಇಲ್ಲವೋ ಎಂದು ಮತ್ತೆ ಏಳುವುದು.
ಇದಕ್ಕೆ ಯಾವ ಸಂಗೀತ ಹಾಕುತ್ತಾನೆ?
ಚಿಲಕದ ಹಿತ್ತಾಳೆ ಒಂದು ಕಡೆ ಸವೆದು ಹೊಳೆಯುತ್ತದೆ, ಅಷ್ಟೇ.

ಸಂಜೆ ಕೊನೇ ಮನೆಯಿಂದ ಕಿರುಚು ಕೇಳಿತು.
ಕಟ್ ಅಂದರು. ಮತ್ತೆ ಕಿರುಚು.
ಚೆನ್ನಾಗಿತ್ತು. ಮೂರನೆಯದು ಇನ್ನೂ ಚೆನ್ನಾಗಿತ್ತು.
ನನ್ನ ಹೊಲಿಗೆ ಸರಿಯಾಗಿಯೇ ಬಿಟ್ಟಿತು ಅಂದುಕೊಂಡೆ.

ತಲೆಯೆತ್ತಿದರೆ ಬಾಗಿಲಲ್ಲಿ ಮುಸುಕು.
ಕಾಲು ಪೆಡಲಿನ ಮೇಲೆ ನಿಂತುಹೋಯಿತು.
"ಯಾರದ್ದು ಕೊಡ್ಬೇಕಿತ್ತು?"
"ಅಕ್ಕಾ, ಕಣ್ಣಿನ ತೂತು ಸಣ್ಣದು, ಏನೂ ಕಾಣ್ತಿಲ್ಲ,
ಮೂರು ಸಲ ಹೊಸ್ತಿಲು ಎಡವಿದೆ, ಬೈತಾರೆ."
ಬಿಚ್ಚಿಸಿಕೊಂಡು ಬೆರಳಗಲ ಕತ್ತರಿಸಿ
ಅಂಚಿಗೆ ಕಾಜಾ ಹೊಲಿಗೆ ಹಾಕಿದೆ, ಎಳೆ ಬಿಡದ ಹಾಗೆ.
ಅರಕಲಗೂಡಿನ ಹುಡುಗ, ತುಟಿಯಂಚಿಗೆ ಬನ್ನಿನ ಚೂರು.
ನೀರು ಕೇಳಿದ. ಹೊತ್ತು ಇನ್ನೂ ಮುಳುಗಿರಲಿಲ್ಲ,
ಅವಲಕ್ಕಿಯನ್ನೂ ಕೊಟ್ಟೆ.
ಇವನು ಬಾಗಿಲು ಹಾರುಹೊಡೆದೇ ಹೋದ.
ಎದ್ದು ಹಾಕಿದೆ. ಮುಟ್ಟಿ ನೋಡಿದೆ.