ಹಗಲು ಎಷ್ಟು ಮಾರು

ಶಿವೋಲಿಯ ಕಾಯ್ತಾನನ ಬಾವಿ ನಾಲ್ಕು ಮಾರು,
ಅದರಲ್ಲಿ ಒಂದೂವರೆ ನೀರು.
ಪ್ರತಿ ಜೂನ್, ಸಾಂ ಜುವಾಂವ್ ಹಬ್ಬದ ಹಿಂದಿನ ದಿನ
ಹಗ್ಗ ಹಿಡಿದು ಇಳಿಯುವವನು ನಾನು.
ಪಾಚಿ ಕೆರೆದು, ಮುಳುಗಿ ಬಾಟಲಿ ಚೂರು ಹೆಕ್ಕಿ,
ಒಮ್ಮೆ ಸೈಕಲ್ಲಿನ ಬೆಲ್ಲು, ಒಮ್ಮೆ ಕಟ್ಟಿಸಿದ ಹಲ್ಲಿನ ಸೆಟ್ಟು,
ಹಾರುವವರ ಅಂಗಾಲಿಗೆ ಏನೂ ತಾಗದಂತೆ.

ಕೆಳಗಿಂದ ನೋಡಿದರೆ ಆಕಾಶ ಒಂದು ತಾಟು.
ಬಿಸಿಲು ಬಂದರೆ, ಬಂದರೆ ಮಾತ್ರ,
ಎರಡು ಬೀಡಿ ಸೇದುವಷ್ಟು ಹೊತ್ತು ನಿಂತು
ಗೋಡೆ ಹತ್ತಿ ಹೋಗುತ್ತದೆ.

ಈ ಸಲ ಕಟ್ಟೆಯ ಮೇಲಿಂದ ಒಂದು ಮುಖ ಬಗ್ಗಿತು,
ಬಿಳಿಕೂದಲು, ಕೊಡೆ ಇಲ್ಲ.
ಮಹಡಿಯ ಬಾಡಿಗೆ ಕೋಣೆಯ ಡೆನ್ಮಾರ್ಕಿನ ಮುದುಕಿ, ಇಂಗರ್.
ನೀಲವ್ವನ ಬಾಯಲ್ಲಿ ಅದು ಹಿಂಗಾರಿ.
"ಮುಂಗಾರಿನಾಗ ಬಂದ ಹಿಂಗಾರಿ" ಅಂತ ನಗು ಬೇರೆ.

ಅರ್ಧ ಕೊಂಕಣಿ, ಅರ್ಧ ಕೈಸನ್ನೆಯಲ್ಲಿ ಅವಳು ಹೇಳಿದ್ದು:
ಅದೇ ಸಂತ ಅವರಿಗೂ ಇದ್ದಾನೆ, ಅಲ್ಲಿ ಅವನು ಹನ್ಸ್.
ಅಲ್ಲಿ ಇವತ್ತು ರಾತ್ರಿ ಹತ್ತಾಗುವವರೆಗೂ
ಸೂರ್ಯನಿಗೆ ಮನೆಯ ನೆನಪಾಗುವುದಿಲ್ಲ.
ಹೋದ ಮೇಲೂ ಬಾಗಿಲು ಪೂರ್ತಿ ಹಾಕಿಕೊಳ್ಳುವುದಿಲ್ಲ,
ಸಂದಿಯಲ್ಲಿ ನಸುನೀಲಿ ಉಳಿದಿರುತ್ತದೆ ಬೆಳಗಿನ ತನಕ.
ಮಕ್ಕಳನ್ನು ಮಲಗಿಸುವುದೇ ತಾಯಂದಿರಿಗೆ ಕಷ್ಟ.
ಸಮುದ್ರದ ದಂಡೆಗುಂಟ ಬೆಂಕಿ ಹಾಕುತ್ತಾರೆ,
ಹೊಸ ಆಲೂಗಡ್ಡೆ ತಿನ್ನುತ್ತಾರೆ, ಹಾಡುತ್ತಾರೆ,
ಬೆಂಕಿಯ ನೆತ್ತಿಗೆ ಹಳೆಬಟ್ಟೆಯ ಮಾಟಗಾತಿಯನ್ನು ಕೂರಿಸಿ.

"ಹಂಗಾರ ಎಷ್ಟು ಮಾರು ನಿಮ್ಮೂರ ಹಗಲು?" ಕೇಳಿದೆ.
ಅವಳಿಗೆ ಮಾರು ಗೊತ್ತಿಲ್ಲ. ಮೇಲೆ ಬಂದು ಎರಡೂ ಕೈ ಚಾಚಿದೆ.
ಅವಳೂ ಚಾಚಿದಳು.
ಮಳೆ ಇಬ್ಬರ ತೋಳಿನ ಮೇಲೂ ಬಿತ್ತು.

ಅವಳಿಗೆ ಬೆಂಕಿ ಬೇಕಿತ್ತು. ಆರಿದ್ರಾ ಮಳೆಯಲ್ಲಿ ಬೆಂಕಿ!
ವರಾಂಡದಲ್ಲಿ ತುಕ್ಕು ಹಿಡಿದ ಬಾಂಡ್ಲಿ, ತೆಂಗಿನ ಸಿಪ್ಪೆ,
ಗೋಡಂಬಿಯ ರೆಂಬೆ, ಒಂದು ಲೋಟ ಸೀಮೆಎಣ್ಣೆ.
ಮಾಟಗಾತಿಗೆ ಹಳೆ ಸೀರೆ ತರಲು ಹೋದ ನೀಲವ್ವ
ಬಾಗಿಲಲ್ಲಿ ತಿರುಗಿ ನಿಂತಳು:
"ಸುಡಾಕ ಹೆಂಗಸೇ ಯಾಕ ಬೇಕಂತ?
ನಮ್ಮ ಕಡೆ ಸುಡೂದು ಕಾಮಣ್ಣನ್ನ.
ಗಂಡಸನ್ನ ಸುಟ್ಟರ ಹೊಗಿ ಬರಂಗಿಲ್ಲೇನು?"
ನುಲಿಯ ಮೇಲಿದ್ದ ನನ್ನ ಚೌಕಳಿ ಅಂಗಿ ಎಳೆದು ಕೊಟ್ಟಳು.
ಜೇಬಿನ ಬೀಡಿಕಟ್ಟು ತೆಗೆದುಕೊಳ್ಳಲು ಬಿಟ್ಟಳು, ಅಷ್ಟು ದಯೆ.

ಕಾಯ್ತಾನನ ಸೊಸೆ ಫಿಲು ಅದನ್ನು ತಿಳಿಸಿ ಹೇಳಿದಾಗ
ಮುದುಕಿ ಬಹಳ ಹೊತ್ತು ಸುಮ್ಮನಿದ್ದಳು.
ಅವಳ ಊರಲ್ಲೂ ಒಂದು ಕಾಲಕ್ಕೆ ನಿಜದ ಹೆಂಗಸರನ್ನೇ ಸುಟ್ಟಿದ್ದರಂತೆ.
ಒಬ್ಬಳ ಹೆಸರಷ್ಟೇ ಉಳಿದಿದೆ. ಆ ಹೆಸರು ಹೇಳಿದಳು.
ನನಗೆ ಕೇಳಲಿಲ್ಲ, ಹಂಚಿನ ಮೇಲೆ ಮಳೆ ಜೋರಿತ್ತು.

ಅಂಗಿ ಉರಿಯಿತು ಎನ್ನುವಂತಿಲ್ಲ; ಕೆಮ್ಮಿತು.
ಕಾಲರು ಹೋಯಿತು, ಒಂದು ತೋಳು ಹೋಯಿತು.
ನೀಲವ್ವ ರೂಢಿಯಂತೆ ಬಾಯಿ ಬಡಿದುಕೊಂಡಳು,
ಅವಳನ್ನು ನೋಡಿ ಇಂಗರ್ ತಾನೂ.
ಆಗಿನ್ನೂ ಏಳೂವರೆ. ಶಿವೋಲಿ ಕತ್ತಲು.

ಮರುದಿನ ಘುಮಟ ಬಂತು, ಫೆಣಿಯ ವಾಸನೆ ಬಂತು,
ಎಲೆ ಹೂವಿನ ಕೊಪೆಲ್ ತೊಟ್ಟ ತಲೆಗಳು ಬಂದವು.
ತಾಯ ಹೊಟ್ಟೆಯೊಳಗೇ ಸಂತ ಖುಷಿಗೆ ಜಿಗಿದಿದ್ದನಂತೆ,
ಅದಕ್ಕೇ ಬಾವಿಗೆ ಹಾರುವುದು.
ಹೊಸ ಅಳಿಯ ಹಾರಿದ, ಫಿಲುವಿನ ಹುಡುಗರು ಹಾರಿದರು,
ಎಪ್ಪತ್ತೆರಡರ ಇಂಗರ್, ಸುಡದೆ ಉಳಿದ ಸೀರೆಯನ್ನೇ
ನಡುವಿಗೆ ಬಿಗಿದು, ಮೂಗು ಹಿಡಿದು.
ಏಣಿ ಹತ್ತಿ ಬಂದವಳು ನನ್ನತ್ತ ಬೆರಳು ಮಾಡಿದಳು: ನೀನು?

ಹತ್ತೊಂಬತ್ತು ವರ್ಷ ಇದರೊಳಗೆ ಇಳಿದಿದ್ದೇನೆ.
ಹಾರಿಲ್ಲ. ತೊಳೆಯುವವರು ಬೇರೆ, ಹಾರುವವರು ಬೇರೆ.
ಯಾರೂ ಹಾಗೆ ಹೇಳಿರಲಿಲ್ಲ; ನಾನೂ ಕೇಳಿರಲಿಲ್ಲ.
ಫಿಲು ತನ್ನ ಕೊಪೆಲ್ ತೆಗೆದು ನನಗಿಟ್ಟಳು,
ದೊಡ್ಡದಾಯಿತು, ಕಿವಿಗೆ ಇಳಿಯಿತು.
"ಅಂಗಿ ತಗದಿಟ್ಟ ಜಿಗೀರಿ, ಉಳದದ್ದು ಅದೊಂದ" ಎಂದಳು ನೀಲವ್ವ.

ಕಟ್ಟೆಯಿಂದ ನೀರಿಗೆ ಎರಡೂವರೆ ಮಾರು.
ಹಗ್ಗದಲ್ಲಾದರೆ ಗೊತ್ತು ಎಷ್ಟು ಹೊತ್ತು ಎಂದು.
ಈಗ ಹಿಡಿದದ್ದು ಎಷ್ಟು, ಹೇಳಲಾರೆ.
ನಡುವೆ ಎಲ್ಲೋ ಒಂದು ಕಡೆ
ಇನ್ನೂ ಕತ್ತಲಾಗಿರಲಿಲ್ಲ.